ಕಣ್ಣು ಪರದೆಯಲ್ಲಿ, ಕೈ ಗುಂಡಿಯಲ್ಲಿ

ನೀರಿನಡಿ ಮೀನು ಎಲ್ಲಿದೆ ಎಂದು ತೋರಿಸುವ ಸೋನಾರ್ ಯಂತ್ರವನ್ನು ಕೊಳ್ಳಲು ಹೊರಟವರು ಇಂದು ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಬೆರಳಿನಿಂದ ಮುಟ್ಟಿ ನಡೆಸುವ ಗಾಜಿನ ಪರದೆ ಬೇಕೋ, ಒತ್ತುವ ಮತ್ತು ತಿರುಗಿಸುವ ಗುಂಡಿಗಳು ಬೇಕೋ? ಕೇಳಲು ಇದು ಅಂಗಡಿಯ ಕಟ್ಟೆಯ ಮೇಲೆ ಮುಗಿಯುವ ಮಾತು. ರುಚಿಯದ್ದು, ಜೇಬಿನದ್ದು. ಆದರೆ ಇದೇ ಪ್ರಶ್ನೆ 2019ರಲ್ಲಿ ಅಮೆರಿಕದ ಸರ್ಕಾರಿ ತನಿಖಾ ವರದಿಯೊಂದರಲ್ಲಿ, 10 ನಾವಿಕರ ಸಾವಿಗೆ ಕಾರಣ ಹುಡುಕುವಾಗ, ನಡುಮಧ್ಯೆ ಬಂದು ಕುಳಿತಿತು. ಮೀನಿನ ಯಂತ್ರಕ್ಕೂ ಯುದ್ಧನೌಕೆಗೂ ಏನು ಸಂಬಂಧ ಎಂಬುದನ್ನು ತಿಳಿಯಬೇಕಾದರೆ ಪರದೆಯ ಕಥೆಯನ್ನೂ ಗುಂಡಿಯ ಕಥೆಯನ್ನೂ ಸ್ವಲ್ಪ ಹಿಂದಿನಿಂದ ಓದಬೇಕು.

ಮೊದಲು ಮಾತಿನ ಒಂದು ತೊಡಕು. ಕನ್ನಡದ 'ಗುಂಡಿ' ಬಹಳ ಧಾರಾಳದ ಪದ. ಅಂಗಿಗೆ ಹಾಕುವುದೂ ಗುಂಡಿ, ಕರೆಗಂಟೆಗೆ ಒತ್ತುವುದೂ ಗುಂಡಿ, ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹುಡುಕಲು ತಿರುಗಿಸುತ್ತಿದ್ದುದೂ ಗುಂಡಿ. (ರಸ್ತೆಯಲ್ಲಿ ಬಿದ್ದಿರುವುದೂ ಗುಂಡಿಯೇ, ಅದರ ಇತಿಹಾಸ ಬೇರೆ.) ಇಂಗ್ಲಿಷಿನಲ್ಲಿ ಒತ್ತುವುದು ಬಟನ್, ತಿರುಗಿಸುವುದು ನಾಬ್. ಈ ಕಥೆಯಲ್ಲಿ ಹೆಚ್ಚು ತೂಕದ ಪಾತ್ರ ತಿರುಗಿಸುವ ಗುಂಡಿಯದ್ದು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಮೇಲೆ, ನೀರಿನಲ್ಲಿ ಶಬ್ದ ಬಿಟ್ಟು ಅದರ ಮಾರ್ದನಿಯಿಂದ ಎದುರಿನ ಅಪಾಯವನ್ನು ಅರಿಯಬಹುದೇ ಎಂದು ಹಲವರು ತಲೆ ಕೆಡಿಸಿಕೊಂಡರು. ಜರ್ಮನಿಯ ಕೀಲ್ ನಗರದ ಅಲೆಕ್ಸಾಂಡರ್ ಬೆಹ್ಮ್ 1913ರಲ್ಲಿ ಇಂಥ ವಿಧಾನಕ್ಕೆ ಪೇಟೆಂಟ್ ಪಡೆದ. 1914ರ ಏಪ್ರಿಲ್‌ನಲ್ಲಿ ರೆಜಿನಾಲ್ಡ್ ಫೆಸೆಂಡೆನ್ ಅಮೆರಿಕದ 'ಮಿಯಾಮಿ' ಎಂಬ ಸರ್ಕಾರಿ ಹಡಗಿನಲ್ಲಿ ಕುಳಿತು, ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು ಎರಡು ಮೈಲಿ ದೂರದ ಹಿಮಬಂಡೆಯಿಂದ ಮಾರ್ದನಿ ಪಡೆದು ತೋರಿಸಿದ. ಅದೇ ಪ್ರಯೋಗದಲ್ಲಿ ಕೆಳಗಿನ ಕಡಲತಳದಿಂದಲೂ ಮಾರ್ದನಿ ಬಂತು. ಹಿಮಬಂಡೆಗಿಂತ ಆ ಎರಡನೆಯ ಮಾರ್ದನಿಯೇ ಮುಂದೆ ಹೆಚ್ಚು ಬೇಕಾದದ್ದಾಯಿತು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆಯುತ್ತಿದ್ದ ನಾವಿಕರಿಗೆ ಕುಳಿತಲ್ಲೇ ಆಳ ತಿಳಿಯುವ ದಾರಿ ಸಿಕ್ಕಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜವಾ ಸ್ಫಟಿಕದ ಹರಳುಗಳನ್ನು ಬಳಸಿ, ಕಿವಿಗೆ ಕೇಳದಷ್ಟು ಎತ್ತರದ ಸ್ಥಾಯಿಯ ಶಬ್ದವನ್ನು ನೀರಿಗೆ ಬಿಡುವುದನ್ನು ಸಾಧಿಸಿದ.

ಆಳ ಅಳೆಯುವವರಿಗೆ ಮೀನು ಒಂದು ಕಿರಿಕಿರಿ. ತಳದ ಗೆರೆಗೆ ಮೊದಲೇ ನಡುನೀರಿನಲ್ಲಿ ಏನೋ ಮಸಕು ಮಸಕಾಗಿ ಮೂಡುತ್ತಿತ್ತು. ಆ ಮಸಕೇ ಸರಕು ಎಂದು ಗುರುತಿಸಿದವರಲ್ಲಿ ನಾರ್ವೆಯ ಆಸ್ಕರ್ ಸುಂಡ್ ಒಬ್ಬ. ಲೋಫೊಟೆನ್ ದ್ವೀಪಗಳ ಬಳಿ ಕಾಡ್ ಮೀನಿನ ಹಿಂಡುಗಳು ಕಾಗದದ ಮೇಲೆ ಮೂಡಿಸಿದ ಗುರುತುಗಳನ್ನು ಅವನು 1935ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ. ಮೀನಿನ ಹೊಟ್ಟೆಯೊಳಗೆ, ಅದನ್ನು ತೇಲಿಸಿಟ್ಟುಕೊಳ್ಳುವ ಗಾಳಿಚೀಲ ಇರುತ್ತದೆ. ನೀರಿನಲ್ಲಿ ಸಾಗುವ ಶಬ್ದಕ್ಕೆ ಮಾಂಸಕ್ಕಿಂತ ಆ ಗಾಳಿಯೇ ದೊಡ್ಡ ಗೋಡೆ. ಯಂತ್ರಕ್ಕೆ ಕೇಳಿಸುವುದು ಮುಖ್ಯವಾಗಿ ಆ ಚೀಲದ ಮಾರ್ದನಿ.

ಇದನ್ನು ಬಡ ಮೀನುಗಾರನ ದೋಣಿಗೆ ತಂದವರು ಜಪಾನಿನ ನಾಗಸಾಕಿ ಪ್ರಾಂತ್ಯದ ಫುರುನೊ ಸೋದರರು. ಅಣ್ಣ ಕಿಯೊತಾಕಾ ಫುರುನೊ ದೋಣಿಗಳಿಗೆ ವಿದ್ಯುತ್ ದೀಪ ಹಾಕಿಕೊಡುವ, ಕೆಟ್ಟ ಸಾಮಾನು ರಿಪೇರಿ ಮಾಡುವ ಕೆಲಸದಲ್ಲಿದ್ದವನು. ಮೀನಿರುವ ಕಡೆ ನೀರಿನಲ್ಲಿ ಗುಳ್ಳೆಗಳಿರುತ್ತವೆ, ಗುಳ್ಳೆ ನೋಡಿ ಹಿಂಡು ಎಷ್ಟು ದೊಡ್ಡದೆಂದು ಹೇಳಬಹುದು ಎಂದು ಪಳಗಿದ ಮೀನುಗಾರನೊಬ್ಬ ಅವನಿಗೆ ಹೇಳಿದ್ದನಂತೆ. ಗುಳ್ಳೆಗೆ ಶಬ್ದ ತಗುಲಿದರೆ ಮಾರ್ದನಿ ಬರಲೇಬೇಕಲ್ಲ ಎಂಬುದು ಅವನ ಲೆಕ್ಕ. ಯುದ್ಧ ಮುಗಿದ ಮೇಲೆ ಸೇನೆಯ ಹಳೆಯ ಆಳಮಾಪಕಗಳು ಸಿಗುತ್ತಿದ್ದವು. ಅವನ್ನೇ ಬಿಚ್ಚಿ ಕಟ್ಟಿ, 1948ರಲ್ಲಿ ದಿನಬಳಕೆಗೆ ಒದಗುವ ಮೀನುಶೋಧಕವನ್ನು ಸೋದರರು ತಯಾರಿಸಿದರು. ಮೊದಮೊದಲು ಯಾರೂ ನಂಬಲಿಲ್ಲ. ತಲೆಮಾರುಗಳಿಂದ ಕಡಲನ್ನು ಕಣ್ಣಲ್ಲೇ ಓದುತ್ತಿದ್ದವರಿಗೆ ಪೆಟ್ಟಿಗೆಯೊಂದು ಪಾಠ ಹೇಳುವುದು ಹಿಡಿಸದ್ದು ಸಹಜ. ಗೊತೊ ದ್ವೀಪಗಳ ಮೀನುಗಾರರ ಜತೆ ಕಡಲಿಗೆ ಹೋಗಿ, ಪೆಟ್ಟಿಗೆ ತೋರಿಸಿದಲ್ಲಿ ಬಲೆ ಬಿಟ್ಟು, ರಾಶಿ ಮೀನು ಎತ್ತಿ ತೋರಿಸಿದ ಮೇಲೆಯೇ ಮಾತು ಹರಡಿದ್ದು.

ಕಡಲನ್ನು ಕಣ್ಣಲ್ಲಿ ಓದುವ ವಿದ್ಯೆ ನಮ್ಮ ಕರಾವಳಿಗೂ ಹೊಸದಲ್ಲ. ರಂಪಣಿ ಬಲೆಯ ಕಾಲದಲ್ಲಿ ನೀರಿನ ಬಣ್ಣ ತಿರುಗಿದ್ದು, ಮೇಲ್ಮೈ ನವಿರಾಗಿ ನಡುಗಿದ್ದು, ಹಕ್ಕಿಗಳು ಕವಿದದ್ದು ನೋಡಿ ಬೂತಾಯಿಯ ಹಿಂಡೋ ಬಂಗುಡೆಯ ಹಿಂಡೋ ಎಂದು ಹೇಳುವ ಹಿರಿಯರಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿಯನ್ನು ಮೂಲೆಗೆ ತಳ್ಳಿದವು. ಆ ಜಗಳದಲ್ಲಿ ಯಂತ್ರ, ಬಂಡವಾಳ, ದುಡಿಮೆ ಎಲ್ಲವೂ ಇದ್ದವು, ಅದು ಬೇರೆಯೇ ಪ್ರಬಂಧದ ವಸ್ತು. ಇಲ್ಲಿಗೆ ಬೇಕಾದದ್ದು ಇಷ್ಟೇ: ಬರಬರುತ್ತ ನೀರಿನ ಮೇಲಿದ್ದ ತಾಂಡೇಲನ ಕಣ್ಣು ಬೋಟಿನೊಳಗಿನ ಪರದೆಗೆ ಬಂತು. ಕಣ್ಣು ಬಂದ ಮೇಲೆ ಕೈ ಎಲ್ಲಿರಬೇಕು ಎಂಬ ಪ್ರಶ್ನೆಯೂ ಬಂತು.

ಆ ಪರದೆಯ ಮುಂದೆ ಕುಳಿತವರು ನಿಜಕ್ಕೂ ಏನು ಮಾಡುತ್ತಾರೆ? ದೋಣಿಯ ತಳದಲ್ಲಿ ಕೂಡಿಸಿದ ಟ್ರಾನ್ಸ್‌ಡ್ಯೂಸರ್ ಒಂದು ಕಿರುಶಬ್ದವನ್ನು ಕೆಳಕ್ಕೆ ಬಿಡುತ್ತದೆ. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ತಳ 75 ಮೀಟರ್ ಕೆಳಗಿದ್ದರೆ ಹೋಗಿಬರುವ ದಾರಿ 150 ಮೀಟರ್, ಹಿಡಿಯುವ ಸಮಯ ಸೆಕೆಂಡಿನ ಹತ್ತನೆಯ ಒಂದು ಪಾಲು. ಮರಳಿ ಬಂದದ್ದು ತೀರಾ ಕ್ಷೀಣವಾದ ದನಿ. ಅದನ್ನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕು ಎಂಬುದನ್ನು ತೀರ್ಮಾನಿಸುವುದು 'ಗೇನ್' ಎಂಬ ಹೊಂದಿಕೆ. ಗೇನ್ ಕಡಿಮೆಯಾದರೆ ಮೀನಿದ್ದರೂ ಕಾಣುವುದಿಲ್ಲ. ಹೆಚ್ಚಾದರೆ ಪ್ಲಾಂಕ್ಟನ್, ಗುಳ್ಳೆ, ಎಂಜಿನ್ನಿನ ಸದ್ದು ಎಲ್ಲವೂ ಮೀನಿನ ವೇಷ ಹಾಕಿಕೊಂಡು ಬರುತ್ತವೆ. ಸರಿಯಾದ ಜಾಗ ಒಂದೇ ಕಡೆ ನಿಲ್ಲುವುದೂ ಇಲ್ಲ. ಆಳ ಬದಲಾದರೆ, ಕೆಸರಿನ ತಳ ಹೋಗಿ ಕಲ್ಲಿನ ತಳ ಬಂದರೆ, ದೋಣಿ ವೇಗ ಹಿಡಿದರೆ ಅದೂ ಜರುಗುತ್ತದೆ. ತಳಕ್ಕೆ ಅಂಟಿಕೊಂಡು ಮಲಗಿದ ಹಿಂಡನ್ನು ತಳದಿಂದ ಬಿಡಿಸಿ ನೋಡುವುದಂತೂ ಕೂದಲೆಳೆಯ ಕೆಲಸ.

ತಂಬೂರಿಗೆ ಶ್ರುತಿ ಮಾಡುವವರನ್ನು ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಕಿವಿ ತಂತಿಯಲ್ಲಿರುತ್ತದೆ, ಕೈ ಬಿರಡೆಯಲ್ಲಿರುತ್ತದೆ. ಬಿರಡೆ ಎಲ್ಲಿದೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ಒಂಚೂರು ಬಿಗಿ ಮಾಡಿ, ಹೆಚ್ಚಾಯಿತೆನಿಸಿದರೆ ಅಷ್ಟೇ ಹಿಂದೆ ಬಿಟ್ಟು, ಕಿವಿಯ ಒಪ್ಪಿಗೆ ಬಂದ ಕ್ಷಣದಲ್ಲಿ ಕೈ ನಿಲ್ಲುತ್ತದೆ. ಗೇನ್ ಹೊಂದಿಸುವುದೂ ಹೀಗೆಯೇ, ಕಿವಿಯ ಜಾಗದಲ್ಲಿ ಕಣ್ಣಿದೆ ಅಷ್ಟೆ. ಮಾರ್ದನಿಯ ಬಣ್ಣ ಬದಲಾಗುವುದನ್ನು ನೋಡುತ್ತ ಗುಂಡಿ ತಿರುಗಿಸಬೇಕು. ಆ ಹೊತ್ತಿನಲ್ಲಿ ಕಣ್ಣನ್ನು ಬೇರೆಡೆಗೆ ಕರೆಯುವ ಯಾವುದೇ ಏರ್ಪಾಡು ಕೆಲಸಕ್ಕೆ ಅಡ್ಡಿ.

ಅಮೆರಿಕದ ಕಾರ್ಲ್ ಲೋರನ್ಸ್ ಮತ್ತು ಅವನ ಮಕ್ಕಳು 1950ರ ದಶಕದ ಕೊನೆಯಲ್ಲಿ ಹವ್ಯಾಸಿ ಮೀನುಗಾರರಿಗಾಗಿ ಟ್ರಾನ್ಸಿಸ್ಟರ್ ಬಳಸಿ ಮಾಡಿದ 'ಪುಟ್ಟ ಹಸಿರು ಪೆಟ್ಟಿಗೆ'ಯಲ್ಲಿ ಚಿತ್ರವೇ ಇರಲಿಲ್ಲ. ಅಂಕಿ ಬರೆದ ದುಂಡು ತಟ್ಟೆಯ ಹಿಂದೆ ಒಂದು ನಿಯಾನ್ ದೀಪ ಗಿರಗಿರನೆ ಸುತ್ತುತ್ತಿತ್ತು. ಮಾರ್ದನಿ ಬಂದ ಆಳದ ಅಂಕಿಯ ಬಳಿ ಮಿಣುಕುತ್ತಿತ್ತು. ಆ ಮಿಣುಕನ್ನು ಓದಲು ಕಲಿತವರು ಮುಂದೆ ಕಾಗದದ ಸುರುಳಿ ಬಂದಾಗಲೂ ಬಣ್ಣದ ಟ್ಯೂಬು ಬಂದಾಗಲೂ ಅದೇ ಕೈಚಳಕವನ್ನು ಜತೆಗೆ ತಂದರು. ನಾಲ್ಕೈದು ದಶಕ ಪರದೆ ಬದಲಾಗುತ್ತಲೇ ಹೋಯಿತು. ಗುಂಡಿ ಬದಲಾಗಲಿಲ್ಲ.

ಈ ಹೊತ್ತಿಗೆ ಬೇರೊಂದು ಕಡೆ ಬೇರೊಂದು ವಸ್ತು ಹುಟ್ಟಿತ್ತು. ಇಂಗ್ಲೆಂಡಿನ ಮಾಲ್ವರ್ನ್ ಊರಿನ ರಾಯಲ್ ರೇಡಾರ್ ಸಂಸ್ಥೆಯಲ್ಲಿದ್ದ ಇ. ಎ. ಜಾನ್ಸನ್ 1965ರಲ್ಲಿ ಪುಟ್ಟ ಲೇಖನವೊಂದನ್ನು ಪ್ರಕಟಿಸಿದ. ಪರದೆಯ ಮೇಲೆ ತಂತಿಗಳನ್ನು ಕೂಡಿಸಿ, ಬೆರಳು ತಾಗಿದಾಗ ಆಗುವ ವಿದ್ಯುತ್ತಿನ ಸಣ್ಣ ಏರುಪೇರಿನಿಂದ ಎಲ್ಲಿ ಮುಟ್ಟಿದರೆಂದು ಕಂಪ್ಯೂಟರಿಗೆ ತಿಳಿಸುವ ಉಪಾಯ ಅದು. ಅವನ ಕಣ್ಣ ಮುಂದಿದ್ದ ಬಳಕೆದಾರ ವಿಮಾನ ಸಂಚಾರ ನಿಯಂತ್ರಕ. ಕುರ್ಚಿಯಲ್ಲಿ ಕುಳಿತವನು, ಕೈ ಒಣಗಿರುವವನು, ನೆಲ ಅಲುಗದ ಕೋಣೆಯಲ್ಲಿರುವವನು.

ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದ ಆರಂಭದಲ್ಲಿ ಹೊಸ ಕಣವೇಗವರ್ಧಕ ಕಟ್ಟುತ್ತಿದ್ದರು. ಸುತ್ತಳತೆ ಸುಮಾರು 7 ಕಿಲೋಮೀಟರ್. ಹಳೆಯ ಪದ್ಧತಿಯಂತೆ ಪ್ರತಿಯೊಂದು ಸಾಧನಕ್ಕೂ ಒಂದೊಂದು ಗುಂಡಿ ಇಟ್ಟರೆ ನಿಯಂತ್ರಣ ಕೊಠಡಿಯ ಗೋಡೆಗಳು ಸಾಲುತ್ತಿರಲಿಲ್ಲ. ಫ್ರಾಂಕ್ ಬೆಕ್ ಮತ್ತು ಡೆನ್ಮಾರ್ಕಿನ ಎಂಜಿನಿಯರ್ ಬೆಂಟ್ ಸ್ಟುಂಪೆ ಇದಕ್ಕೆ ಪಾರದರ್ಶಕ ಸ್ಪರ್ಶಪರದೆಯೊಂದನ್ನು ಮಾಡಿದರು. ಅದರಲ್ಲಿ ಇದ್ದದ್ದು 16 ಗುಂಡಿಗಳ ಜಾಗ. ಆದರೆ ಯಾವ ಜಾಗಕ್ಕೆ ಏನು ಹೆಸರು ಎಂಬುದನ್ನು ಕಂಪ್ಯೂಟರ್ ಹೊತ್ತುಹೊತ್ತಿಗೆ ಬದಲಿಸುತ್ತಿತ್ತು. ಹದಿನಾರರಲ್ಲೇ ಸಾವಿರ ಅಡಗಿತ್ತು.

ಸ್ಪರ್ಶಪರದೆಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಮೊಬೈಲ್ ಫೋನಿಗೆ ಹಾರುತ್ತಾರೆ. ಅದು ಅರ್ಧ ಕಥೆ. ಬೆಕ್ ಮತ್ತು ಸ್ಟುಂಪೆ 1973ರಲ್ಲಿ ಬರೆದ ವರದಿಯ ಶೀರ್ಷಿಕೆಯಲ್ಲೇ 'ಎರಡು ಸಾಧನಗಳು' ಎಂದಿದೆ. ಒಂದು ಸ್ಪರ್ಶಪರದೆ. ಇನ್ನೊಂದು ತಿರುಗಿಸುವ ಗುಂಡಿ, ಕಂಪ್ಯೂಟರ್ ಹೇಳಿದಂತೆ ಕೈಗೆ ಬೇರೆ ಬೇರೆ ರೀತಿ ತಾಗುವ ಗುಂಡಿ. ಯಾವ ಕಾಂತವನ್ನು ಹೊಂದಿಸಬೇಕು ಎಂದು ಆರಿಸಲು ಪರದೆ, ಆರಿಸಿದ ಮೇಲೆ ಅದನ್ನು ಏರಿಸಿ ಇಳಿಸಲು ಗುಂಡಿ. ಆರಿಸುವುದು ಬೇರೆ, ಹದ ಹಿಡಿಯುವುದು ಬೇರೆ ಎಂಬ ತಿಳಿವಳಿಕೆ ಸ್ಪರ್ಶಪರದೆ ಮಾಡಿದವರಿಗೇ ಮೊದಲ ದಿನದಿಂದಲೂ ಇತ್ತು. ಮುಂದಿನ ಕಾಲ ಮೊದಲನೆಯ ಸಾಧನವನ್ನು ಎತ್ತಿಕೊಂಡು ಎರಡನೆಯದನ್ನು ಅಲ್ಲೇ ಬಿಟ್ಟಿತು.

2007ರಲ್ಲಿ ಐಫೋನ್ ಬಂದ ಮೇಲೆ ಗಾಜು ಎಲ್ಲೆಡೆ ಹರಡಿತು. ದೋಣಿಗಳೂ ಹೊರತಾಗಲಿಲ್ಲ. 2008ರಲ್ಲಿ ಗಾರ್ಮಿನ್ ಕಂಪನಿ ನಕ್ಷೆ, ರೇಡಾರ್, ಸೋನಾರ್ ಮೂರನ್ನೂ ಒಂದೇ ಪರದೆಯಲ್ಲಿ ತೋರಿಸುವ ತನ್ನ ಯಂತ್ರವನ್ನು ಎರಡು ಸರಣಿಗಳಲ್ಲಿ ತಂದಿತು. 4000 ಸರಣಿಗೆ ಗುಂಡಿ, 5000 ಸರಣಿಗೆ ಸ್ಪರ್ಶ. ಕೆಲವೇ ವರ್ಷಗಳಲ್ಲಿ ರೇಮರೀನ್ ಕಂಪನಿಯ ಪಟ್ಟಿಯಲ್ಲಿ ಮೂರು ದಾರಿಗಳಿದ್ದವು. 'ಎ' ಸರಣಿ ಬರೀ ಸ್ಪರ್ಶ, 'ಸಿ' ಸರಣಿ ಬರೀ ಗುಂಡಿ, 'ಇ' ಸರಣಿಯಲ್ಲಿ ಎರಡೂ.

ಗಾಜಿನ ಪರ ವಾದ ಬಡಾಯಿಯದ್ದಲ್ಲ. ನಕ್ಷೆಯನ್ನು ಬೆರಳಿನಿಂದ ಎಳೆದು, ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದಕ್ಕೆ ಸಮನಾದ ಸುಖ ಬಾಣದ ಗುಂಡಿಗಳಲ್ಲಿಲ್ಲ. ಮೀನು ಸಿಕ್ಕ ಜಾಗವನ್ನು ಗುರುತು ಮಾಡಿ ಅದಕ್ಕೊಂದು ಹೆಸರು ಬರೆಯಬೇಕೆಂದರೆ, ಗುಂಡಿಯಂತ್ರದಲ್ಲಿ ಒಂದೊಂದು ಅಕ್ಷರಕ್ಕೂ ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. ಕಂಪನಿಗೂ ಲಾಭವಿದೆ. ಒಂದೇ ಗಾಜು, ಒಂದೇ ಅಚ್ಚು. ಹೊಸ ಸೌಲಭ್ಯ ಬೇಕಾದರೆ ಸಾಫ್ಟ್‌ವೇರ್ ಬದಲಿಸಿದರಾಯಿತು, ಹೊಸ ಗುಂಡಿಗೆ ತೂತು ಕೊರೆಯಬೇಕಿಲ್ಲ. ತೂತಿಲ್ಲದ ಮೇಲೆ ಉಪ್ಪುನೀರು ಒಳಹೋಗುವ ದಾರಿಯೂ ಒಂದು ಕಡಿಮೆ. ಉಪ್ಪುಗಾಳಿಗೆ ಸಿಕ್ಕ ಗುಂಡಿ ಕಚ್ಚಿಕೊಳ್ಳುತ್ತದೆ, ಅದರ ರಬ್ಬರು ಬಿರಿಯುತ್ತದೆ. ಗುಂಡಿಯ ಅಭಿಮಾನಿಗಳು ಈ ಮಾತನ್ನು ಅಷ್ಟಾಗಿ ಆಡುವುದಿಲ್ಲ.

ಆದರೆ ಇಂದಿನ ಸ್ಪರ್ಶಪರದೆಗಳ ಮೂಲ ತತ್ವವೇ ನೀರಿಗೆ ಆಗಿಬರುವುದಿಲ್ಲ. ಗಾಜಿನಡಿಯ ಕಣ್ಣಿಗೆ ಕಾಣದ ಜಾಲದಲ್ಲಿ ಹರಡಿದ ವಿದ್ಯುತ್ ಕ್ಷೇತ್ರವನ್ನು ಬೆರಳು ಕೊಂಚ ಕದಡುತ್ತದೆ. ಬೆರಳು ಹಾಗೆ ಕದಡುವುದು ದೇಹದಲ್ಲಿ ವಿದ್ಯುತ್ ಹರಿಯಬಲ್ಲದು ಎಂಬ ಕಾರಣಕ್ಕೆ. ಉಪ್ಪುನೀರಿನಲ್ಲಿಯೂ ಅದು ಚೆನ್ನಾಗಿಯೇ ಹರಿಯುತ್ತದೆ. ಅಲೆಯ ಸಿಡಿತ ಬಿದ್ದರೆ ಪರದೆ ಅದನ್ನು ಬೆರಳೆಂದುಕೊಳ್ಳಬಹುದು, ಇಲ್ಲವೇ ನಿಜವಾದ ಬೆರಳನ್ನೇ ಗುರುತಿಸದಿರಬಹುದು. ಕೈಗವಸು ಹಾಕಿದರೆ ಬೆರಳು ಅದರ ಪಾಲಿಗೆ ಇಲ್ಲವೇ ಇಲ್ಲ. ಇಂಥ ತೊಂದರೆಗಳಿಗೆ ಒಂದಷ್ಟು ಪರಿಹಾರಗಳು ಬಂದಿವೆ, ಇನ್ನೂ ಬರುತ್ತವೆ. ಅಲೆಯ ತೊಂದರೆಗೆ ಮಾತ್ರ ತಂತ್ರಜ್ಞಾನದ ಮದ್ದಿಲ್ಲ. ದೋಣಿ ಎತ್ತಿ ಹಾಕುವಾಗ ಚಾಚಿದ ತೋರುಬೆರಳು ಗಾಳಿಯಲ್ಲಿ ಓಲಾಡುತ್ತದೆ. ಗುಂಡಿಯಾದರೆ ಅದನ್ನು ಹಿಡಿದುಕೊಳ್ಳಬಹುದು. ದೋಣಿ ಹೊಯ್ದಾಡಿದರೆ ಗುಂಡಿ ಹಿಡಿದ ಕೈಯೂ ದೋಣಿಯ ಜತೆಗೇ ಹೊಯ್ದಾಡುತ್ತದೆ.

ಕೈಗೆ ತನ್ನದೇ ಅರಿವಿದೆ ಎಂಬುದನ್ನು ಯುದ್ಧವಿಮಾನಗಳು ಮೊದಲೇ ಕಲಿಸಿದ್ದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರುಗಳು ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಿಚುವ ಬದಲು ಚಕ್ರಗಳನ್ನು ಮಡಿಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ವರದಿಗಳಲ್ಲಿ 'ಪೈಲಟ್ ತಪ್ಪು' ಎಂದು ಬರೆದು ಮುಗಿಸುತ್ತಿದ್ದರು. 1943ರಲ್ಲಿ ಅಲ್ಫೋನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞ ವಿಮಾನದೊಳಗೆ ಹೋಗಿ ನೋಡಿದರೆ ಎರಡು ಹಿಡಿಕೆಗಳೂ ಪಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ ಇದ್ದವು. ಚಕ್ರದ ಹಿಡಿಕೆಗೆ ರಬ್ಬರಿನ ಪುಟ್ಟ ಚಕ್ರವನ್ನೂ ಫ್ಲ್ಯಾಪ್ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಅಂಟಿಸಲು ಅವನು ಹೇಳಿದ. ಅಲ್ಲಿಗೆ ಆ ತಪ್ಪು ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 'ಪೈಲಟ್ ತಪ್ಪು'ಗಳನ್ನು ಕಲೆಹಾಕಿ ನೋಡಿದಾಗ, ಸುಮಾರು ಅರ್ಧದಷ್ಟು ಒಂದು ಹಿಡಿಕೆಯ ಬದಲು ಇನ್ನೊಂದನ್ನು ಹಿಡಿದದ್ದರಿಂದ ಆದವು. ಇಂದಿಗೂ ಪ್ರಯಾಣಿಕ ವಿಮಾನದ ಲ್ಯಾಂಡಿಂಗ್ ಗೇರಿನ ಹಿಡಿಕೆ ಚಕ್ರದ ಆಕಾರದಲ್ಲೇ ಇರಬೇಕೆಂಬುದು ಅಮೆರಿಕದ ನಿಯಮ. ಇಷ್ಟೆಲ್ಲ ತಿಳಿದಿದ್ದ ದೇಶವೇ ಮುಂದೆ ತನ್ನ ಯುದ್ಧನೌಕೆಗಳ ಥ್ರಾಟಲ್‌ಗಳನ್ನು ಚಪ್ಪಟೆ ಗಾಜಿನ ಮೇಲಿನ ಚಿತ್ರಗಳನ್ನಾಗಿ ಮಾಡಿತು.

2017ರ ಆಗಸ್ಟ್ 21ರ ನಸುಕು. ಜಾನ್ ಎಸ್. ಮೆಕೇನ್ ಎಂಬ ಡಿಸ್ಟ್ರಾಯರ್ ನೌಕೆ ಸಿಂಗಪುರ ಜಲಸಂಧಿಯನ್ನು ಪ್ರವೇಶಿಸುತ್ತಿತ್ತು. ಜಗತ್ತಿನ ಅತಿ ಕಿಕ್ಕಿರಿದ ಹಡಗುದಾರಿಗಳಲ್ಲಿ ಅದೊಂದು. ಚುಕ್ಕಾಣಿ ಮತ್ತು ವೇಗ ಎರಡನ್ನೂ ಸ್ಪರ್ಶಪರದೆಯಿಂದ ನಡೆಸುವ ಹೊಸ ವ್ಯವಸ್ಥೆಯನ್ನು ಅದರಲ್ಲಿ ಕೂಡಿಸಿದ್ದರು. ಆ ಹೊತ್ತು ಸೇತುವೆಯಲ್ಲಿದ್ದ ಕೆಲವರು ಬೇರೆ ನೌಕೆಯಿಂದ ತಾತ್ಕಾಲಿಕವಾಗಿ ಬಂದವರು, ಈ ವ್ಯವಸ್ಥೆಯಲ್ಲಿ ಅವರ ಕೈ ಪಳಗಿರಲಿಲ್ಲ. ನಿದ್ದೆಯೂ ಸಾಕಷ್ಟಿರಲಿಲ್ಲ.

ಚುಕ್ಕಾಣಿ ಹಿಡಿದವನಿಗೆ ದಿಕ್ಕನ್ನೂ ವೇಗವನ್ನೂ ಒಟ್ಟಿಗೆ ನೋಡಿಕೊಳ್ಳುವುದು ಕಷ್ಟವಾಗುತ್ತಿದೆ ಎಂದು ಕಂಡ ಕಪ್ತಾನ, ವೇಗದ ಕೆಲಸವನ್ನು ಪಕ್ಕದ ಪರದೆಯಲ್ಲಿದ್ದವನಿಗೆ ವರ್ಗಾಯಿಸಲು ಹೇಳಿದ. ಒಳ್ಳೆಯ ಉದ್ದೇಶದ ಆದೇಶ. ಪರದೆಯಿಂದ ಪರದೆಗೆ ಥ್ರಾಟಲ್ ಕಳಿಸುವಾಗ ಚುಕ್ಕಾಣಿಯೂ ಜತೆಗೇ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಹೋದ ಕ್ಷಣದಲ್ಲಿ ಚುಕ್ಕಾಣಿ ನಡುವಿಗೆ ಬಂತು. ಅಲ್ಲಿಯವರೆಗೆ ಒಂದೆರಡು ಡಿಗ್ರಿ ಬಲಕ್ಕೆ ಹಿಡಿದು ನೇರ ಹೋಗುತ್ತಿದ್ದ ನೌಕೆ ಎಡಕ್ಕೆ ಸರಿಯತೊಡಗಿತು. ಚುಕ್ಕಾಣಿ ಮಾತು ಕೇಳುತ್ತಿಲ್ಲ ಎಂದು ನಾವಿಕ ಕೂಗಿದ. ಚುಕ್ಕಾಣಿಗೆ ಏನೂ ಆಗಿರಲಿಲ್ಲ, ಅದು ಪಕ್ಕದ ಪರದೆಯಲ್ಲಿತ್ತು.

ವೇಗ ತಗ್ಗಿಸಿ ಎಂದು ಕಪ್ತಾನ ಹೇಳಿದ. ಈ ನೌಕೆಗೆ ಎಡಬಲ ಎರಡು ಪ್ರೊಪೆಲರ್‌ಗಳು, ಪರದೆಯ ಮೇಲೆ ಅವಕ್ಕೆ ಎರಡು ಥ್ರಾಟಲ್ ಚಿತ್ರಗಳು. ಎರಡನ್ನೂ ಜೋಡಿಸಿ ಒಟ್ಟಿಗೆ ಸರಿಸುವ ಸೌಲಭ್ಯವಿತ್ತು, ಆದರೆ ಆಗ ಜೋಡಣೆ ಬಿಟ್ಟಿತ್ತು. ನಾವಿಕ ಎಡಗಡೆಯದನ್ನಷ್ಟೇ ತಗ್ಗಿಸಿದ, ಎರಡೂ ತಗ್ಗಿದವು ಎಂದುಕೊಂಡ. ನೌಕಾಪಡೆಯ ವರದಿಯಂತೆ ಬಲಗಡೆಯ ಪ್ರೊಪೆಲರ್ ಮತ್ತೂ 68 ಸೆಕೆಂಡು ಮೊದಲಿನ ವೇಗದಲ್ಲೇ ತಿರುಗಿತು. ಒಂದು ಪಕ್ಕ ನಿಧಾನ, ಇನ್ನೊಂದು ಪಕ್ಕ ರಭಸ. ನೌಕೆ ಇನ್ನಷ್ಟು ಎಡಕ್ಕೆ ಹೊರಳಿ 'ಅಲ್ನಿಕ್ ಎಂಸಿ' ಎಂಬ ತೈಲಹಡಗಿನ ಎದುರಿಗೆ ಬಂತು. ಚುಕ್ಕಾಣಿ ಹೋಯಿತೆಂದು ಕೂಗಿದ್ದು 5 ಗಂಟೆ 21 ನಿಮಿಷಕ್ಕೆ, ಡಿಕ್ಕಿಯಾದದ್ದು 5 ಗಂಟೆ 24ಕ್ಕೆ. ಅಲ್ನಿಕ್‌ನ ಮೂತಿ ನೌಕೆಯ ಎಡಮಗ್ಗುಲನ್ನು ಸೀಳಿತು, ನಾವಿಕರು ಮಲಗಿದ್ದ ಕೋಣೆಗೆ ನೀರು ನುಗ್ಗಿತು. 10 ಮಂದಿ ಸತ್ತರು, 48 ಮಂದಿ ಗಾಯಗೊಂಡರು.

ಸಾರಿಗೆ ಅಪಘಾತಗಳನ್ನು ತನಿಖೆ ಮಾಡುವ ಅಮೆರಿಕದ ಎನ್‌ಟಿಎಸ್‌ಬಿ ಮಂಡಳಿ 2019ರಲ್ಲಿ ಕೊಟ್ಟ ವರದಿ ಇಡೀ ಹೊಣೆಯನ್ನು ಗಾಜಿನ ಮೇಲೆ ಹಾಕಲಿಲ್ಲ. ತರಬೇತಿಯ ಕೊರತೆ, ದಣಿವು, ಮೇಲ್ವಿಚಾರಣೆಯ ಲೋಪ ಎಲ್ಲವನ್ನೂ ಹೆಸರಿಸಿತು. ಪರದೆಯ ವಿನ್ಯಾಸ ತಪ್ಪಾಗುವ ಸಂಭವವನ್ನು ಹೆಚ್ಚಿಸಿತು ಎಂಬುದನ್ನೂ ಅದು ಸ್ಪಷ್ಟವಾಗಿ ಬರೆಯಿತು. ಎರಡು ಥ್ರಾಟಲ್‌ಗಳು ಜೋಡಣೆ ತಪ್ಪಿ ಬೇರೆ ಬೇರೆ ಕಡೆ ನಿಂತಿವೆ ಎಂಬುದು ನಾವಿಕನ ಕೈಗೆ ತಿಳಿಯುವ ಯಾವ ದಾರಿಯೂ ಅಲ್ಲಿರಲಿಲ್ಲ. ಲೋಹದ ಎರಡು ಹಿಡಿಕೆಗಳಿದ್ದರೆ ಒಂದೇ ಅಂಗೈಯಲ್ಲಿ ಎರಡನ್ನೂ ಹಿಂದಕ್ಕೆಳೆಯುವುದು ಸಹಜ. ಒಂದೇ ಬಂದು ಇನ್ನೊಂದು ಮುಂದೆಯೇ ಉಳಿದರೆ ಕತ್ತಲಲ್ಲೂ ತಿಳಿಯುತ್ತಿತ್ತು. 68 ಸೆಕೆಂಡು ಬೇಕಾಗುತ್ತಿರಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ನೌಕಾಪಡೆ ತನ್ನ ಡಿಸ್ಟ್ರಾಯರುಗಳಲ್ಲಿ ಕೈಯಿಂದ ಹಿಡಿಯುವ ಥ್ರಾಟಲ್‌ಗಳನ್ನು ಮರಳಿ ಕೂಡಿಸುವುದಾಗಿ ಹೇಳಿತು. ಹಡಗು ನಿರ್ಮಾಣದ ಹೊಣೆ ಹೊತ್ತಿದ್ದ ರಿಯರ್ ಅಡ್ಮಿರಲ್ ಬಿಲ್ ಗಲಿನಿಸ್ ಕೊಟ್ಟ ಕಾರಣ ಸರಳವಾಗಿತ್ತು: ಏನು ಬೇಕೆಂದು ನಾವಿಕರನ್ನು ಕೇಳಿದಾಗ ಎಲ್ಲಕ್ಕಿಂತ ಮೊದಲು ಬಂದ ಬೇಡಿಕೆ ಅದೇ. ಕೇಳುವ ಕೆಲಸ ಪರದೆ ಕೂಡಿಸುವ ಮೊದಲು ಆಗಬೇಕಿತ್ತು ಎಂದು ಯಾರಿಗಾದರೂ ಅನಿಸುತ್ತದೆ.

ನೆಲದ ಮೇಲೂ ಗಾಳಿ ತಿರುಗಿದೆ. ಸ್ವೀಡನ್ನಿನ ವಾಹನ ಪತ್ರಿಕೆ 'ವಿ ಬಿಲೆಗಾರೆ' 2022ರಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸುತ್ತ ನಾಲ್ಕು ಸಣ್ಣ ಕೆಲಸ ಮಾಡಿಸಿ ಹೊತ್ತು ಅಳೆಯಿತು. ಗುಂಡಿಗಳಿದ್ದ 2005ರ ವೋಲ್ವೊದಲ್ಲಿ 10 ಸೆಕೆಂಡು ಸಾಕಾಯಿತು, ಪರದೆಯ ಹೊಸ ಎಂಜಿ ಕಾರೊಂದರಲ್ಲಿ ಸುಮಾರು 45 ಹಿಡಿಯಿತು. ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಹಾರ್ನ್, ಇಂಡಿಕೇಟರ್, ವೈಪರ್‌ಗಳಂಥ ಕೆಲವಕ್ಕೆ ನಿಜವಾದ ಗುಂಡಿ ಅಥವಾ ಹಿಡಿಕೆ ಇದ್ದರಷ್ಟೇ ಪೂರ್ತಿ ಅಂಕ ಎಂದಿದೆ.

ಮೀನುಗಾರರ ಯಂತ್ರದಲ್ಲಿ ಈ ತೀರ್ಮಾನ ಸದ್ದಿಲ್ಲದೆ ಆಗಿದೆ, ಅದೂ ದೋಣಿಯ ಮೈ ನೋಡಿಕೊಂಡು. ಚಾವಣಿ, ಗಾಜಿನ ಕಿಟಕಿ ಇರುವ ಕ್ಯಾಬಿನ್ನಿನೊಳಗೆ ಪರದೆ ಒಣಗಿರುತ್ತದೆ, ಅಲ್ಲಿ ಸ್ಪರ್ಶಕ್ಕೆ ಅಡ್ಡಿಯಿಲ್ಲ. ತೆರೆದ ದೋಣಿಯಲ್ಲಿ, ಒಂದು ಕೈ ಎಂಜಿನ್ನಿನ ಹಿಡಿಕೆಯಲ್ಲಿದ್ದು ಇನ್ನೊಂದು ಕೈಗೆ ಮೀನಿನ ಲೋಳೆ ಮೆತ್ತಿರುವವನಿಗೆ ಗಾಜು ಸಲ್ಲದು. ಮಳೆ ಬಂದಾಗ ಹನಿಗಳೇ ಆಜ್ಞೆ ಕೊಡದಿರಲೆಂದು ಪರದೆಯನ್ನು ಕಿವುಡಾಗಿಸುವ ಲಾಕ್ ಸೌಲಭ್ಯವನ್ನು ಹಲವು ಕಂಪನಿಗಳು ಇಟ್ಟಿವೆ. ಗುಂಡಿಯೇ ಇಲ್ಲದ ಯಂತ್ರ ಆ ಹೊತ್ತಿಗೆ ಬರೀ ಚಿತ್ರ ತೋರಿಸುವ ಟಿವಿ. ಗೇನನ್ನು ಯಂತ್ರವೇ ಹೊಂದಿಸಿಕೊಳ್ಳುವ ಸ್ವಯಂಚಾಲಿತ ಕ್ರಮವೂ ಇದೆ, ಅದು ಬಹುಪಾಲು ಹೊತ್ತು ಚೆನ್ನಾಗಿಯೇ ನಡೆಯುತ್ತದೆ. ಅದು ಎಡವುವುದು ತಳಕ್ಕಂಟಿದ ಹಿಂಡಿನಂಥ ಕಡೆ, ಎಂದರೆ ಮೀನುಗಾರನಿಗೆ ಯಂತ್ರ ನಿಜಕ್ಕೂ ಬೇಕಾಗುವ ಕಡೆ.

ರೇಮರೀನ್ 2017ರಲ್ಲಿ ಗುಂಡಿಗಳಿಲ್ಲದ 'ಆಕ್ಸಿಯಮ್' ತಂದು, ಅದರ ಬೆನ್ನಿಗೇ 'ಆಕ್ಸಿಯಮ್ ಪ್ರೊ' ತಂದಿತು. ಒಳಗಿನ ಸಾಫ್ಟ್‌ವೇರ್ ಅದೇ. ಪರದೆಯ ಬಲಪಕ್ಕಕ್ಕೆ ಒಂದಷ್ಟು ಒತ್ತುವ ಗುಂಡಿಗಳು, ಒಂದು ತಿರುಗಿಸುವ ಗುಂಡಿ ಸೇರಿವೆ, ಬೆಲೆಯೂ ಹೆಚ್ಚಿದೆ. ಫುರುನೊ ಕಂಪನಿ ಕಸುಬಿನ ಮೀನುಗಾರರಿಗಾಗಿ ಮಾಡುವ ಹಲವು ಮೀನುಶೋಧಕಗಳಲ್ಲಿ ಗೇನ್ ಎಂದು ಬರೆದ ಗುಂಡಿ ಇಂದಿಗೂ ಪರದೆಯ ಪಕ್ಕದಲ್ಲಿ, ಬೆರಳುಗಳು ನೋಡದೆಯೇ ಹುಡುಕಿಕೊಳ್ಳುವ ಜಾಗದಲ್ಲಿದೆ.